ಉಪಾಧ್ಯಾಯ ಶಿಕ್ಷಣ: ವ್ಯಯವೂ ಫಲವೂ

ಮಗಳ ವಿವಾಹಕ್ಕೆ ಆಭರಣವನ್ನು ಕೊಳ್ಳುವ ಗೃಹಸ್ಥನು ಹತ್ತು ಅಂಗಡಿಗಳನ್ನು ಸುತ್ತಿ, ತೂಕವನ್ನೂ ಒರೆಯನ್ನೂ ವಿಚಾರಿಸಿದ ಬಳಿಕವೇ ಹಣದ ಗಂಟನ್ನು ಬಿಚ್ಚುತ್ತಾನೆ. ಅದೇ ಗೃಹಸ್ಥನು ಮಕ್ಕಳ ವಿದ್ಯೆಗಾಗಿ ದ್ರವ್ಯವನ್ನು ವ್ಯಯಿಸುವಾಗ ನೆರೆಯವನ ಒಂದು ಮಾತನ್ನು ನಂಬಿಬಿಡುವನು. ಹೀಗೆ ನಂಬಿಸಿದ ನೆರೆಯವರಲ್ಲಿ ನಾವೂ ಒಬ್ಬರಾದುದರಿಂದ ಈ ನಾಲ್ಕು ಮಾತುಗಳನ್ನು ಬರೆಯಬೇಕಾಗಿ ಬಂದಿದೆ.

ನಾವು ಆಳಂದದ ಸೀಮೆಯಲ್ಲಿ ಕನ್ನಡವನ್ನೂ ಸಂಸ್ಕೃತವನ್ನೂ ಕಲಿಸಿ ನಿವೃತ್ತರಾದವರು. ಕಳೆದ ವೈಶಾಖದಲ್ಲಿ ಜೇವರ್ಗಿಯಿಂದ ನಮ್ಮ ತಂಗಿಯು ಮಗಳೊಡನೆ ಬಂದಳು. ವಿಧವೆಯಾದ ಅವಳಿಗೆ ನಾಲ್ಕು ಎಕರೆ ತೊಗರಿಯ ಹೊಲವೇ ಆಧಾರ. ಹುಡುಗಿಯು ಪಿ.ಯು.ಸಿ. ತೇರ್ಗಡೆಯಾಗಿದ್ದಳು. ಪದವಿಯ ಬಳಿಕ ದೂರದ ಒಂದಾನೊಂದು ಕಾಲೇಜಿನಲ್ಲಿ ಗಂಟುಹಣ ಕಟ್ಟಿದರೆ ಪರೀಕ್ಷೆಗೆ ಮಾತ್ರ ಹೋಗಿ ಬಿ.ಇಡಿ. ಪಡೆಯಬಹುದೆಂದು ಯಾರೋ ಅವರಿಗೆ ಹೇಳಿದ್ದರು. ಹೊಲವನ್ನು ಅಡವಿಡುವ ಮಾತೂ ನಡೆದಿತ್ತು.

“ಮಾಮಾ, ನನಗ ಸಣ್ಣ ಹುಡುಗರಿಗೆ ಕಲಿಸಬೇಕಂತ ಆಸೆ. ಅದಕ್ಕ ಯಾವುದು ಛಲೋ?” ಎಂದು ಹುಡುಗಿ ಕೇಳಿದಳು.

ಈ ಪ್ರಶ್ನೆಯು ನಮ್ಮನ್ನು ಮುಳ್ಳಿನಂತೆ ಚುಚ್ಚಿತು. 2019ರಲ್ಲಿ ಅಫಜಲಪುರದ ಮಿತ್ರರೊಬ್ಬರ ಮಗನು ಇದನ್ನೇ ಕೇಳಿದ್ದನು. 2018ರ ಜೂನ್ 28ರ ಅಧಿಸೂಚನೆಯಿಂದ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು ಬಿ.ಇಡಿ. ಆದವರಿಗೂ ಒಂದರಿಂದ ಐದನೆಯ ತರಗತಿಗಳ ಬಾಗಿಲನ್ನು ತೆರೆದಿದ್ದಿತು. “ದೊಡ್ಡದನ್ನೇ ಓದು, ಚಿಕ್ಕದು ತಾನಾಗಿ ದೊರೆಯುವುದು” ಎಂದು ನಾವು ಪಂಡಿತರಂತೆ ನುಡಿದೆವು. ಅವನ ತಂದೆ ಸಾಲಮಾಡಿದರು. 2023ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯವು ಆ ಅಧಿಸೂಚನೆಯನ್ನು ರದ್ದುಪಡಿಸಿ, ಕಿರಿಯ ತರಗತಿಗಳಿಗೆ ಡಿ.ಎಲ್.ಇಡಿ.ಯೇ ಯೋಗ್ಯವಾದ ಶಿಕ್ಷಣವೆಂದು ನಿರ್ಣಯಿಸಿತು. ಮೇಲಿನ ತರಗತಿಗಳ ದಾರಿ ಅವನಿಗೆ ಉಳಿಯಿತು. ಬಯಸಿದ ದಾರಿಯು ಮುಚ್ಚಿತು. ಮುಂದೆ ಗಾಣಗಾಪುರದ ಸಂಗಮದಲ್ಲಿ ಅವನು ನಮ್ಮನ್ನು ಕಂಡು ಪಾದಮುಟ್ಟಿ ನಮಸ್ಕರಿಸಿದನು. ಒಂದು ಆಕ್ಷೇಪದ ಮಾತನ್ನೂ ಆಡಲಿಲ್ಲ. ಆಡಿದ್ದರೆ ನಮಗೆ ನಿದ್ರೆ ಬರುತ್ತಿತ್ತು.

ಆದುದರಿಂದ ಈ ಸಲ ಕಾಗದವನ್ನು ಹಿಡಿದು ಲೆಕ್ಕಕ್ಕೆ ಕುಳಿತೆವು. ಡಿ.ಎಲ್.ಇಡಿ.ಗೆ ಪಿ.ಯು.ಸಿ.ಯ ನಂತರ ಎರಡು ವರ್ಷ ಸಾಕು. ನಮ್ಮ ಕಾಲದಲ್ಲಿ ಒಂದೇ ವರ್ಷದ್ದಾಗಿದ್ದ ಬಿ.ಇಡಿ.ಯು 2015ರಿಂದ ಎರಡು ವರ್ಷದ್ದಾಗಿದೆ. ಮೂರು ವರ್ಷದ ಪದವಿಯೊಡನೆ ಐದಾಗುತ್ತದೆ. ಪದವಿಯನ್ನೂ ಶಿಕ್ಷಣವನ್ನೂ ಕೂಡಿಸಿ ನಾಲ್ಕೇ ವರ್ಷಗಳಲ್ಲಿ ಮುಗಿಸುವ ಮೂರನೆಯ ಮಾರ್ಗವೊಂದುಂಟು. ಮೈಸೂರಿನಲ್ಲಿ 1963ರಲ್ಲಿ ಸ್ಥಾಪಿತವಾದ ಪ್ರಾದೇಶಿಕ ಶಿಕ್ಷಣ ಸಂಸ್ಥೆಯು ಇಂತಹ ಕ್ರಮಕ್ಕೆ ಪ್ರಸಿದ್ಧವಾದುದು. 2023-24ರಿಂದ ದೇಶದ ಇತರ ಕೆಲವು ಸಂಸ್ಥೆಗಳಲ್ಲಿಯೂ ಹೊಸ ಕ್ರಮವು ಆರಂಭವಾಗಿದೆ. ಅದಕ್ಕೆ ಪ್ರವೇಶಪರೀಕ್ಷೆಯನ್ನು ಗೆಲ್ಲಬೇಕು.

ಶುಲ್ಕವು ಸರಕಾರಿ ಸಂಸ್ಥೆಯಲ್ಲಿ ಅಲ್ಪ, ಖಾಸಗಿ ಕಾಲೇಜಿನ ಸರಕಾರಿ ಕೋಟಾದಲ್ಲಿ ಮಧ್ಯಮ, ಆಡಳಿತ ಮಂಡಳಿಯ ಸೀಟಿನಲ್ಲಿ ಅಧಿಕ. ಕೋಣೆಯ ಬಾಡಿಗೆ, ಊಟ, ಪುಸ್ತಕ, ಅಷ್ಟು ವರ್ಷ ಕೈತಪ್ಪುವ ಗಳಿಕೆ, ಇವನ್ನೂ ಸೇರಿಸದಿದ್ದರೆ ಲೆಕ್ಕವು ಸುಳ್ಳಾಗುವುದು. ಜೇವರ್ಗಿಯಿಂದ ಕಲಬುರಗಿಗೆ ಸುಮಾರು 40 ಕಿಲೋಮೀಟರು. 2023ರ ಜೂನ್‌ನಿಂದ ಸರಕಾರದ ಸಾಮಾನ್ಯ ಬಸ್ಸುಗಳಲ್ಲಿ ಸ್ತ್ರೀಯರಿಗೆ ಟಿಕೆಟ್ಟಿನ ಹಣವಿಲ್ಲ. ಆದಕಾರಣ ಕಲಬುರಗಿಯಲ್ಲಿ ಸೀಟು ದೊರೆತರೆ ಹುಡುಗಿಯು ಮನೆಯೂಟವನ್ನುಂಡೇ ಓದಬಹುದು.

ಇದು ವ್ಯಯದ ಮಾತಾಯಿತು, ಫಲವೆಂತು? ಪರಿಷತ್ತಿನ 2014ರ ನಿಯಮದಂತೆ ಬಿ.ಇಡಿ.ಗೆ ವರ್ಷಕ್ಕೆ 200 ದಿನಗಳ ಕೆಲಸ, ಪಾಠಗಳಿಗೆ ನೂರಕ್ಕೆ 80ರಷ್ಟು ಹಾಜರಿ, ಶಾಲೆಯಲ್ಲಿನ ಅಭ್ಯಾಸಕ್ಕೆ 90ರಷ್ಟು ಹಾಜರಿ, ಅಂತಹ ಅಭ್ಯಾಸವು ಒಟ್ಟು 20 ವಾರ. “ಬರಬೇಕಾಗಿಲ್ಲ” ಎನ್ನುವ ಕಾಲೇಜು ಇದನ್ನೆಲ್ಲ ಸೋಸಿ ತೆಗೆದು ಬರಿಯ ಕಾಗದವನ್ನು ಮಾರುತ್ತದೆ. ನಮ್ಮ ಮೊದಲನೆಯ ಅಭ್ಯಾಸಪಾಠದಲ್ಲಿ ನಾವು ಅರ್ಧ ಗಂಟೆ ಸಮಾಸಭೂಯಿಷ್ಠವಾದ ಕನ್ನಡವನ್ನು ಸುರಿಸಿದೆವು. ಹಿಂದೆ ಕುಳಿತಿದ್ದ ಗುರುಗಳು, “ಆ ಮೂಲೆಯ ಹುಡುಗನ ಮನೆಮಾತು ಮರಾಠಿ, ಪಕ್ಕದವನದು ಉರ್ದು, ಅದರಾಚೆಯವಳದು ಲಂಬಾಣಿ, ನೀವು ಪಾಠಮಾಡಿದ್ದು ಯಾರಿಗೆ?” ಎಂದು ಕೇಳಿದರು. ಆ ಒಂದು ಪ್ರಶ್ನೆಯು ನಮಗೆ ಮೂವತ್ತು ವರ್ಷಗಳಿಗೂ ಮಿಕ್ಕಿ ಅನ್ನವನ್ನಿಕ್ಕಿತು. ಕಾಳಿದಾಸನ ಮಾಲವಿಕಾಗ್ನಿಮಿತ್ರದಲ್ಲಿ ಇಬ್ಬರು ನಾಟ್ಯಾಚಾರ್ಯರ ಕಲಹವನ್ನು ತೀರಿಸಲು ಶಿಷ್ಯೆಯ ನೃತ್ಯವನ್ನು ನೋಡುತ್ತಾರೆ, ಆಚಾರ್ಯನ ಪ್ರಶಸ್ತಿಪತ್ರವನ್ನಲ್ಲ.

ಇಷ್ಟಾದರೂ ಶಿಕ್ಷಣವು ಉದ್ಯೋಗವನ್ನು ಕೈಗೆ ಕೊಡುವುದಿಲ್ಲ. ಮುಂದೆ ಅರ್ಹತಾ ಪರೀಕ್ಷೆಯುಂಟು. ನೇಮಕವೋ ಸರಕಾರವು ಕರೆದಾಗ. ಇದನ್ನು ಮುಚ್ಚಿಡದೆ ಹೇಳಿದೆವು. “ಹಂಗಾರ ಹೊಲ ಅಡವಿಡೂದು ಬ್ಯಾಡಂತಿಯೇನಣ್ಣಾ?” ಎಂದಳು ತಂಗಿ. “ಬ್ಯಾಡವ್ವಾ. ಡಿ.ಎಲ್.ಇಡಿ. ಮುಗಿಸಲಿ, ಪದವಿಯನ್ನು ಆಮೇಲೆ ದೂರಶಿಕ್ಷಣದಿಂದ ಮಾಡಿಕೊಂಡಾಳು” ಎಂದೆವು.

ಮರುವಾರ ಅಫಜಲಪುರಕ್ಕೆ ಹೋಗಿ ಆ ತರುಣನ ಮುಂದೆ ನಮ್ಮ ತಪ್ಪನ್ನು ಒಪ್ಪಿಕೊಂಡೆವು. ಅವನು ಕ್ಷಣಕಾಲ ಸುಮ್ಮನಿದ್ದು, ಹುಡುಗಿಯ ಅರ್ಜಿಯ ಕರಡನ್ನು ಕೇಳಿ ತೆಗೆದುಕೊಂಡನು. ನಾವು ತುಂಬಿದ್ದರಲ್ಲಿ ಒಂದು ದೋಷವಿದ್ದಿತು. ಅದನ್ನು ತೋರಿಸಿ ತಾನೇ ತಿದ್ದಿಕೊಟ್ಟನು.