ಅಪ್ಪನ ಬಿಪಿ, ಸಂಜೆಯ ಚಿಪ್ಸ್

ನಮ್ಮಪ್ಪನಿಗೆ ಬಿಪಿ ಶುರುವಾಗಿ ಎರಡು ವರ್ಷ ಆಯ್ತು. ಅವತ್ತಿನಿಂದ ಸಿರುಗುಪ್ಪದ ಮನೆಯಲ್ಲಿ ಊಟಕ್ಕೆ ಮೇಲುಪ್ಪು ಇಲ್ಲ, ಉಪ್ಪಿನಕಾಯಿ ಜಾಡಿ ಅಟ್ಟ ಸೇರಿದೆ. ಆದರೆ ಸಂಜೆ ಚಹಾದ ಜೊತೆ ಮಸಾಲೆ ಆಲೂ ಚಿಪ್ಸ್ ಮಾತ್ರ ಬೇಕೇ ಬೇಕು. "ಇದ್ರಾಗ ಉಪ್ಪೆಲ್ಲೈತಲೇ? ಬರೇ ಖಾರ, ಹುಳಿ" ಅಂತಾರೆ.

ಬಳ್ಳಾರಿಯಲ್ಲಿ ಕೂತು ದಿನವಿಡೀ ಕೋಡ್ ಓದುವ ನನಗೆ ಪ್ಯಾಕೆಟ್ ಹಿಂದಿನ ಸಣ್ಣಕ್ಷರ ಕಷ್ಟವೇನಲ್ಲ. ಭಾನುವಾರ ಊರಿಗೆ ಹೋದಾಗ ಗಟ್ಟಿಯಾಗಿ ಓದಿದೆ: 100 ಗ್ರಾಂಗೆ 540 ಕ್ಯಾಲೊರಿ, ಕೊಬ್ಬು 34 ಗ್ರಾಂ, ಸೋಡಿಯಂ 800 ಮಿಲಿಗ್ರಾಂ. ಈ ಸೋಡಿಯಂ ಅನ್ನೋ ಪದದಲ್ಲೇ ನಾವು ಏಮಾರೋದು. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತೆ. ಅಪ್ಪ ಖಾಲಿ ಮಾಡೋದು 50 ಗ್ರಾಂ ಪ್ಯಾಕೆಟ್. ಅಂದ್ರೆ 1 ಗ್ರಾಂ ಉಪ್ಪು. ದೊಡ್ಡವರಿಗೆ ಇಡೀ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಅದರಲ್ಲಿ ಐದನೇ ಒಂದು ಪಾಲು ಚಹಾ ಹೊತ್ತಿಗೇ ಮುಗೀತು. ಹುಳಿ, ಸಕ್ಕರೆ, ಖಾರ ಸೇರಿದ ಮೇಲೆ ನಾಲಿಗೆಗೆ ಉಪ್ಪು ಅಷ್ಟಾಗಿ ಗೊತ್ತಾಗಲ್ಲ.

ಪಾಪ, ಆಲೂಗಡ್ಡೆಯದೇನೂ ತಪ್ಪಿಲ್ಲ. ಬೇಯಿಸಿದ 100 ಗ್ರಾಂ ಆಲೂಗಡ್ಡೆಯಲ್ಲಿ 90ರ ಆಸುಪಾಸು ಕ್ಯಾಲೊರಿ, ಕೊಬ್ಬು ಇಲ್ಲವೇ ಇಲ್ಲ ಅನ್ನುವಷ್ಟು. ಅದರ ತೂಕದಲ್ಲಿ ಮುಕ್ಕಾಲು ಪಾಲು ನೀರೇ. ತೆಳ್ಳಗೆ ಹೆಚ್ಚಿ ಕಾದ ಎಣ್ಣೆಗೆ ಬಿಟ್ಟರೆ ನೀರು ಆವಿಯಾಗಿ ಹೋಗುತ್ತೆ, ಆ ಜಾಗಕ್ಕೆ ಎಣ್ಣೆ ಬಂದು ಕೂರುತ್ತೆ. ಅಪ್ಪನ ಪ್ಯಾಕೆಟ್ಟಿನಲ್ಲಿ 17 ಗ್ರಾಂ, ಅಂದ್ರೆ ಮೂರು ಟೀ ಚಮಚಕ್ಕೂ ಮೇಲೆ. "ಪಲ್ಯಕ್ಕ ಇಷ್ಟು ಎಣ್ಣಿ ಸುರುದ್ರ ನನಗ ಬೈತಿದ್ರಿ" ಅಂದರು ಅಮ್ಮ. ಅಪ್ಪ ಪೇಪರ್ ತಿರುವಿದರು.

ಕುರುಗೋಡಿನ ಅಕ್ಕನ ಕತೆ ಬೇರೆ. ಅವಳು ಮಗನಿಗೆ ಮನೆಯಲ್ಲೇ ಕರೀತಾಳೆ, ಆದರೆ ಕಂದುಬಣ್ಣ ಬರೋತನಕ. ಪಿಷ್ಟದ ಪದಾರ್ಥವನ್ನು 120 ಡಿಗ್ರಿ ದಾಟಿ ಕರಿದಾಗ ಅಕ್ರಿಲಮೈಡ್ ಹುಟ್ಟುತ್ತೆ ಅಂತ ಸ್ವೀಡನ್ನಿನವರು 2002ರಲ್ಲಿ ಹೇಳಿದ್ದರು. ಪ್ರಾಣಿಗಳಲ್ಲಿ ಕ್ಯಾನ್ಸರ್ ತಂದಿದೆ, ಮನುಷ್ಯರಲ್ಲಿ ಸಾಬೀತಾಗಿಲ್ಲ. ಹೊನ್ನಿನ ಬಣ್ಣ ಬಂದ ಕೂಡಲೇ ತೆಗಿ, ಕರಿಯೋ ಆಲೂಗಡ್ಡೆ ಫ್ರಿಜ್‌ನಲ್ಲಿ ಇಡಬೇಡ, ತಂಪಿಗೆ ಅದರಲ್ಲಿ ಸಕ್ಕರೆ ಹೆಚ್ಚಾಗಿ ಬೇಗ ಕಪ್ಪಾಗುತ್ತೆ ಅಂದೆ. ಒಪ್ಪಿದಳು.

ನಮ್ಮ ಕಡೆಯ ಒಗ್ಗರಣೆ-ಮಿರ್ಚಿಯೂ ಸಾಚಾ ಅಲ್ಲ ಬಿಡಿ. ಮಿರ್ಚಿ ಕುಡಿಯೋ ಎಣ್ಣೆ ಎಲ್ಲರಿಗೂ ಗೊತ್ತು. ಆದರೆ ಮನೆಯ ಮಂಡಕ್ಕಿ ಒಗ್ಗರಣೆಗೆ ಉಪ್ಪು ಹಾಕೋ ಕೈ ಅಮ್ಮನದು. ಈಗ ದಿನಾ ಅದೇ. ಚಿಪ್ಸ್ ವಾರಕ್ಕೊಂದು ಪ್ಯಾಕೆಟ್, ಬಟ್ಟಲಿಗೆ ಸುರಿದು ಮೂವರೂ ತಿನ್ನೋದು ಅಂತ ರಾಜಿಯಾಗಿದೆ. ಮುಂದಿನ ತಿಂಗಳು ಅಪ್ಪನ ಬಿಪಿ ಚೆಕಪ್.