ಬಾಡಿಗೆಗೊಂದು ಮನೆ: ಕಡೂರಿನಿಂದ ಅಜ್ಜಂಪುರದವರೆಗೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದರು. ಮನೆಯನ್ನು ಕೊಂಡು ಪರರಿಗೆ ಬಾಡಿಗೆಗೆ ಕೊಟ್ಟು ನೋಡೆಂದು ಅವರು ಹೇಳಲಿಲ್ಲ. ಆ ಅನುಭವವು ಕಳೆದ ಕಾರ್ತಿಕಮಾಸದಲ್ಲಿ ನನ್ನ ಸೋದರಸೊಸೆಯ ದೆಸೆಯಿಂದ ನನಗೊದಗಿತು. ಗೃಹಸ್ಥರಾದ ವಾಚಕರಿಗೆ ಅದರಿಂದ ಕಿಂಚಿತ್ ಪ್ರಯೋಜನವಾದೀತೆಂದು ಇಲ್ಲಿ ಬರೆಯುತ್ತೇನೆ.

ಅವಳೂ ಅವಳ ಪತಿಯೂ ದಾವಣಗೆರೆಯಲ್ಲಿ ಉದ್ಯೋಗದಲ್ಲಿರುವರು. ವಿವಾಹವಾಗಿ ನಾಲ್ಕು ವರ್ಷ. ಇಬ್ಬರೂ ಕೂಡಿಟ್ಟ ಹಣ ಹತ್ತೂವರೆ ಲಕ್ಷ ರೂಪಾಯಿ. ಅದರಲ್ಲಿ ಅವಳ ತಾಯಿಯ ಎರಡು ಬಳೆಗಳ ಬೆಲೆಯೂ ಸೇರಿತ್ತು. ದಾವಣಗೆರೆಯಲ್ಲಿ ಆ ಹಣಕ್ಕೆ ಮನೆ ದೊರೆಯದು. ಆದುದರಿಂದ ನಮ್ಮ ಸೀಮೆಯಲ್ಲಿ ಒಂದು ಚಿಕ್ಕ ಮನೆಯನ್ನು ಕೊಂಡು ಬಾಡಿಗೆಗೆ ಕೊಡುವುದೆಂದು ನಿಶ್ಚಯಿಸಿ, ಕಡೂರಿನಲ್ಲಿರುವ ನನ್ನ ಬಳಿಗೆ ಬಂದರು.

ನಮ್ಮ ಕಡೂರು ಒಂದು ಕಾಲದಲ್ಲಿ ಜಿಲ್ಲೆಗೇ ಹೆಸರು ಕೊಟ್ಟ ಊರು. 1947ರವರೆಗೆ ಇಂದಿನ ಚಿಕ್ಕಮಗಳೂರು ಜಿಲ್ಲೆಯನ್ನು ಕಡೂರು ಜಿಲ್ಲೆಯೆಂದೇ ಕರೆಯುತ್ತಿದ್ದರು. 2013ರಲ್ಲಿ ಇಲ್ಲಿಂದ ಚಿಕ್ಕಮಗಳೂರಿಗೆ ರೈಲು ಓಡಲಾರಂಭಿಸಿತು. ತೆಂಗಿನ ತೋಟಗಳ ಮಗ್ಗುಲಲ್ಲಿಯೇ ಈಗ ನಿವೇಶನಗಳ ಕಲ್ಲುಗಳು ಮೊಳೆಯುತ್ತಿವೆ. ಮಧ್ಯಸ್ಥನೊಬ್ಬನು ಅಂತಹ ಒಂದು ನಿವೇಶನವನ್ನೂ ಅದರಲ್ಲಿ ಅರ್ಧ ಎದ್ದ ಮನೆಯನ್ನೂ ತೋರಿಸಿದನು. ಬೆಲೆ ಸುಲಭವಾಗಿತ್ತು. ಕಾಗದ ಕೇಳಿದೆನು. ಅವನು ಪಹಣಿಯೊಂದನ್ನು ಮುಂದಿಟ್ಟನು. ಪಹಣಿಯೆಂದರೆ ಭೂಮಿಯು ಇನ್ನೂ ಹೊಲವೇ ಆಗಿದೆಯೆಂದರ್ಥ. 1964ರ ಭೂಕಂದಾಯ ಕಾನೂನಿನಂತೆ ಕೃಷಿಭೂಮಿಯನ್ನು ಪರಿವರ್ತಿಸದೆ ಮನೆ ಕಟ್ಟಿದರೆ ಆ ಮನೆಗೆ ಸರಿಯಾದ ಖಾತೆ ದೊರೆಯುವುದು ಕಷ್ಟ, ಬ್ಯಾಂಕಿನ ಸಾಲ ದೊರೆಯುವುದು ಇನ್ನೂ ಕಷ್ಟ. "ಆಮೇಲೆ ಎಲ್ಲ ಸರಿಹೋಗುತ್ತದೆ, ಮೇಷ್ಟ್ರೇ" ಎಂದನು. ಸರಿಹೋದ ಮೇಲೆಯೇ ಬರುವೆವೆಂದು ನಮಸ್ಕರಿಸಿ ಹೊರಟೆವು.

ಬೀರೂರಿನಲ್ಲಿ ರೈಲುದಾರಿ ಎರಡಾಗುತ್ತದೆ. ಒಂದು ಅಜ್ಜಂಪುರದ ಮೇಲೆ ದಾವಣಗೆರೆ, ಹುಬ್ಬಳ್ಳಿಗಳ ಕಡೆಗೆ, ಇನ್ನೊಂದು ತರೀಕೆರೆಯ ಮೇಲೆ ಶಿವಮೊಗ್ಗೆಗೆ. ಮೊದಲು ತರೀಕೆರೆಯ ದಾರಿ ಹಿಡಿದೆವು. ಬಯಲು ಸೀಮೆಯು ಹಿಂದಾಗಿ, ಅಡಕೆಯ ತೋಟಗಳೂ ದೂರದ ಮಲೆಯ ನೀಲಿಯೂ ಕಣ್ಣಿಗೆ ಬಿದ್ದುವು. ಅಲ್ಲಿ ಹಳೆಯ ಬೀದಿಯಲ್ಲಿ ಹೆಂಚಿನ ಮನೆಯೊಂದು ಮಾರಾಟಕ್ಕಿತ್ತು. ಜಗುಲಿ, ನಡುಮನೆ, ಹಿತ್ತಿಲಲ್ಲಿ ಬಾವಿ. ನನ್ನ ಸೋದರಸೊಸೆಯು ಮನಸೋತಳು. ಮೂವರು ಸಹೋದರರು ರುಜು ಹಾಕಲು ಸಿದ್ಧರಾಗಿದ್ದರು. ವಂಶವೃಕ್ಷವನ್ನು ನೋಡಿದಾಗ ನಾಲ್ಕನೆಯ ಹೆಸರು ಕಂಡಿತು. ಅವರಿಗೊಬ್ಬ ತಂಗಿ ಇದ್ದಳು. "ಅವಳನ್ನು ಮದುವೆ ಮಾಡಿ ಕಳಿಸಿ ಇಪ್ಪತ್ತೈದು ವರ್ಷವಾಯಿತು" ಎಂದು ಹಿರಿಯಣ್ಣನೆಂದನು. ಪಿತ್ರಾರ್ಜಿತ ಸ್ವತ್ತಿನಲ್ಲಿ ಮಗಳಿಗೂ ಮಗನಷ್ಟೇ ಹಕ್ಕೆಂದು 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯು ವಿಧಿಸಿತು. 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ದೃಢಪಡಿಸಿತು. ತಂಗಿಯ ರುಜುವಿಲ್ಲದ ಕ್ರಯಪತ್ರವು ನಾಳಿನ ವ್ಯಾಜ್ಯಕ್ಕೆ ಇಂದೇ ಬಿತ್ತಿದ ಬೀಜ. ಬಾವಿಯ ನೀರು ಕುಡಿದು ಹೊರಬಂದೆವು.

ಸೊಸೆಯ ಮುಖ ಬಾಡಿದ್ದನ್ನು ಕಂಡು ಅವರಿಬ್ಬರನ್ನೂ ಅಮೃತಾಪುರಕ್ಕೆ ಕರೆದೊಯ್ದೆನು. ಹೊಯ್ಸಳ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅಮಿತಯ್ಯ ದಂಡನಾಯಕನು ಕಟ್ಟಿಸಿದ ಅಮೃತೇಶ್ವರ ದೇವಾಲಯವಿದು. ಅಲ್ಲಿಯ ಶಾಸನದ ಮುಂದೆ ನಿಂತು, "ಇದೂ ಒಂದು ಪತ್ರವೇ, ಮಗು. ಕೊಟ್ಟವರು ಯಾರು, ಕೊಟ್ಟದ್ದೇನು ಎಂದು ಎಲ್ಲರೂ ಓದುವಂತೆ ಕಲ್ಲಿನಲ್ಲಿ ಕೊರೆದು ಬಾಗಿಲಲ್ಲೇ ನಿಲ್ಲಿಸಿದರು. ಮುಚ್ಚಿಟ್ಟ ಪತ್ರವನ್ನು ನಂಬಬೇಡ" ಎಂದೆನು. ಅವಳು ನಕ್ಕಳು. ಮೇಷ್ಟರಿಗೆ ಪಾಠ ಹೇಳಲು ಗುಡಿಯಾದರೇನು, ಶಾಲೆಯಾದರೇನು!

ಸಂಜೆಗೆ ಅಜ್ಜಂಪುರವನ್ನು ಸೇರಿದೆವು. ಅಮೃತಮಹಲ್ ರಾಸುಗಳ ತಳಿಕೇಂದ್ರದಿಂದ ಹೆಸರಾದ ಊರು. ಈರುಳ್ಳಿಯ ವ್ಯಾಪಾರಕ್ಕೂ ಪ್ರಸಿದ್ಧ. ಸುತ್ತಲೂ ಅಮೃತಮಹಲ್ ಕಾವಲುಗಳಿರುವುದರಿಂದ, ಊರಂಚಿನ ಜಾಗವನ್ನು ಕೊಳ್ಳುವವರು ಅದು ಕಾವಲಿನ ನೆಲವಲ್ಲವೆಂಬುದನ್ನು ಮೊದಲು ನೋಡಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ತರೀಕೆರೆಯಿಂದ ಬೇರೆಯಾಗಿ ಇದು ತಾಲ್ಲೂಕಾಯಿತು. ತಾಲ್ಲೂಕಾದ ಮೇಲೆ ಕಛೇರಿಗಳು, ಕಛೇರಿಗಳ ಹಿಂದೆ ವರ್ಗವಾಗಿ ಬರುವ ನೌಕರರು, ಅವರಿಗೆ ಬಾಡಿಗೆಮನೆಗಳು. ದಾವಣಗೆರೆಯಿಂದ ನೇರವಾಗಿ ರೈಲೂ ಉಂಟು.

ಇಲ್ಲಿ ನೋಡಿದ ಮನೆಯ ಪತ್ರಗಳೆಲ್ಲ ನಿರ್ಮಲವಾಗಿದ್ದುವು: ಮೂಲಪತ್ರ, ಇ-ಖಾತೆ, ಕಂದಾಯದ ರಸೀದಿ, ಮೂವತ್ತು ವರ್ಷಗಳ ಋಣಭಾರ ಪತ್ರ. ಬೆಲೆ ಹದಿನೆಂಟು ಲಕ್ಷ. "ಈಗಿರುವವರು ಕೊಡುವುದು ಮೂರೂವರೆ ಸಾವಿರ, ತಿಂಗಳೊಳಗೆ ಬಿಡಿಸಿಕೊಡುತ್ತೇನೆ. ನಿಮಗೆ ಆರು ಸಾವಿರ ಖಂಡಿತ" ಎಂದು ಒಡೆಯರು ಭರವಸೆಯಿತ್ತರು.

ಈಗಿರುವವರು ಒಬ್ಬ ವೃದ್ಧ ದರ್ಜಿಯೂ ಅವರ ಪತ್ನಿಯೂ. ಆ ಮನೆಯಲ್ಲಿ ಹದಿನಾಲ್ಕು ವರ್ಷದಿಂದ ವಾಸ. ಮುಂಭಾಗದ ಕೋಣೆಯಲ್ಲಿಯೇ ಹೊಲಿಗೆಯ ಯಂತ್ರ. ಆ ತಾಯಿ ನಮಗೆ ಮಂಡಕ್ಕಿ, ಕಾಫಿ ಕೊಟ್ಟು, ನನ್ನ ಸೋದರಸೊಸೆಯನ್ನು ಅಡಿಗೆಮನೆಗೆ ಕರೆದು, "ಯಾವಾಗ ಬಿಡಬೇಕಮ್ಮಾ? ಮಳೆಗಾಲಕ್ಕೆ ಮುಂಚೆ ಹೇಳಿದರೆ ಒಳ್ಳೆಯದು" ಎಂದರಂತೆ.

ಆ ರಾತ್ರಿ ಲೆಕ್ಕಕ್ಕೆ ಕುಳಿತೆವು. ಹದಿನೆಂಟು ಲಕ್ಷಕ್ಕೆ ಕೊಂಡರೆ ಸಾಲ ಏಳೂವರೆ ಲಕ್ಷ. ನೂರಕ್ಕೆ ಎಂಟೂವರೆಯಂತೆ ಮೊದಲ ವರ್ಷದ ಬಡ್ಡಿ ಸುಮಾರು 64,000. ಆರು ಸಾವಿರದಂತೆ ಬಾಡಿಗೆ 72,000. ಕಂದಾಯ, ಸುಣ್ಣಬಣ್ಣಗಳು ಬೇರೆ. ಮುದ್ರಾಂಕ ಶುಲ್ಕವೂ, 2025ರ ಆಗಸ್ಟ್ ಕೊನೆಯಲ್ಲಿ ನೂರಕ್ಕೆ ಒಂದರಿಂದ ಎರಡಕ್ಕೇರಿದ ನೋಂದಣಿ ಶುಲ್ಕವೂ ಕೈಯಿಂದಲೇ ಹೋಗತಕ್ಕವು. ಅಸಲನ್ನು ಸಂಬಳದಿಂದ ತೀರಿಸಬೇಕು. ಬಾಡಿಗೆಮನೆಯು ಕಾಮಧೇನುವಲ್ಲ; ಮೇವು ಹಾಕಿದಷ್ಟು ಕರೆಯುವ ಹಸು.

ಹುಡುಗನು, "ಬಿಡಿಸಿಕೊಡುವುದು ಮಾರುವವರ ಕೆಲಸ, ಮಾವ, ನಮಗೇನು ಪಾಪ?" ಎಂದನು. ನಾನು ಮಾತಾಡಲಿಲ್ಲ. ಅಧ್ಯಾಪಕನಾಗಿ ಏಳು ಊರುಗಳಲ್ಲಿ ಒಂಬತ್ತು ಬಾಡಿಗೆಮನೆಗಳನ್ನು ಕಂಡವನು ನಾನು. ಒಮ್ಮೆ ಆಷಾಢದ ಜಡಿಮಳೆಯಲ್ಲಿ, ಹದಿನೈದು ದಿನಗಳ ನೋಟೀಸಿನ ಮೇಲೆ, ನನ್ನ ಪತ್ನಿಯು ಮೂರು ತಿಂಗಳ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಎತ್ತಿನಗಾಡಿ ಹತ್ತಿದಳು. ಕಾನೂನು ಆ ಒಡೆಯರ ಕಡೆಗೇ ಇತ್ತು. ತಿಂಗಳ ಬಾಡಿಗೆಗೆ ಹದಿನೈದು ದಿನಗಳ ತಿಳಿವಳಿಕೆ ಸಾಕೆಂದು 1882ರ ಸ್ವತ್ತು ವರ್ಗಾವಣೆ ಕಾನೂನೇ ಹೇಳುತ್ತದೆ. ಆದರೂ ಇಂದಿಗೂ ನಮ್ಮ ಮನೆಯಲ್ಲಿ ಆ ಒಡೆಯರ ಹೆಸರನ್ನು ಯಾರೂ ಎತ್ತುವುದಿಲ್ಲ. ಇದನ್ನು ಹೇಳಬೇಕೆಂದಿರಲಿಲ್ಲ, ಆದರೆ ಸೊಸೆಯು ತಾನಾಗಿಯೇ, "ಅತ್ತೆ ಹೇಳಿದ್ದರು, ಮಾವ" ಎಂದಳು. ಬಹಳ ಹೊತ್ತು ಮೂವರೂ ಸುಮ್ಮನಿದ್ದೆವು.

ಬೆಳಗ್ಗೆ ಅವರಿಬ್ಬರೇ ಮಾರುವವರೊಡನೆ ಮಾತಾಡಿದರು. "ಬಿಡಿಸಬೇಡಿ. ಬಾಡಿಗೆದಾರರ ಸಹಿತವಾಗಿಯೇ ಕೊಳ್ಳುತ್ತೇವೆ. ಅದಕ್ಕೆ ತಕ್ಕಂತೆ ಬೆಲೆಯನ್ನಿಳಿಸಿ." ಮಧ್ಯಾಹ್ನದ ಹೊತ್ತಿಗೆ ಹದಿನಾರೂವರೆ ಲಕ್ಷಕ್ಕೆ ನಿಂತಿತು. ದರ್ಜಿಯವರು ತಾವಾಗಿಯೇ ಬಾಡಿಗೆಯನ್ನು ನಾಲ್ಕೂವರೆ ಸಾವಿರಕ್ಕೆ ಏರಿಸಲೊಪ್ಪಿದರು. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಗೆ ನೋಂದಣಿ ಅವಶ್ಯಕವಾದುದರಿಂದ ಹನ್ನೊಂದು ತಿಂಗಳ ಕರಾರುಪತ್ರವೆಂದಾಯಿತು. ಸಾಲ ಆರು ಲಕ್ಷ, ಬಡ್ಡಿ 51,000, ಬಾಡಿಗೆ 54,000. ಮಿಕ್ಕುವುದು ಮೂರೇ ಸಾವಿರ. ಅದೂ ಹೆಂಚು ಒಡೆಯದಿದ್ದರೆ. ಕಾರು ಕೊಳ್ಳುವ ಯೋಚನೆ ಮುಂದಕ್ಕೆ ಹೋಯಿತು.

ಕ್ರಯಪತ್ರವು ಇಬ್ಬರ ಹೆಸರಿನಲ್ಲಿಯೂ ನೋಂದಣಿಯಾಯಿತು. ಹೊರಡುವಾಗ ಆ ವೃದ್ಧರು ಅಳತೆಯ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು, ನಮ್ಮ ಹುಡುಗನ ಭುಜದ ಅಳತೆ ತೆಗೆದರು. ಬಟ್ಟೆ ತಂದರೆ ಸಾಕು, ಕೂಲಿ ಬೇಡವೆಂದರು. ಅವನು ಕೂಲಿ ಕೊಟ್ಟೇ ತೀರುವೆನೆಂದನು. ಆ ಚರ್ಚೆ ಮುಗಿಯುವ ಮುನ್ನ ದಾವಣಗೆರೆಯ ರೈಲು ಬಂದಿತು.