ಗುಡ್ಡದ ನೆತ್ತಿಯ ಗಾಳಿ

ಶಿರಸಿಯ ಕಡೆಯ ನಮ್ಮ ಹಳ್ಳಿಯಲ್ಲಿ ನನ್ನ ತಮ್ಮ ಹೊಸ ಮನೆ ಕಟ್ಟಲು ಹೊರಟಾಗ ನಾನು ಮುಂಬಯಿಯಿಂದ ಊರಿಗೆ ಹೋಗಿದ್ದೆನು. “ಗುಡ್ಡದ ನೆತ್ತಿಯೋ, ಬುಡವೋ? ಅಣ್ಣಾ, ನೀನೇ ಹೇಳು” ಎಂದು ಆತ ಕೇಳಿದನು. ಅಪ್ಪಯ್ಯನ ಮನಸ್ಸು ಬುಡದ ಕಡೆಗಿತ್ತು. ನಮ್ಮ ಸೀಮೆಯ ಹಳೆಯ ಮನೆಗಳೆಲ್ಲ ಅಡಿಕೆ ತೋಟದ ಅಂಚಿನಲ್ಲಿ, ಗುಡ್ಡದ ಮರೆಯಲ್ಲಿಯೇ ಇರುವುವು. ಚಾಳಿನ ಒಂದೇ ಕೋಣೆಯ ಬಾಳಿನಿಂದ ಬೇಸತ್ತಿದ್ದ ನಾನಾದರೋ, “ನೆತ್ತಿಯ ಮೇಲೆಯೇ ಕಟ್ಟು, ಗಾಳಿ, ಬೆಳಕು ಧಾರಾಳ” ಎಂದೆನು. ಕಲಿತವನ ಮಾತೆಂದು ಎಲ್ಲರೂ ಒಪ್ಪಿದರು.

ಗಾಳಿ ಧಾರಾಳವಾಗಿಯೇ ಬಂದಿತು. ಮೊದಲ ಮಳೆಗಾಲದ ಒಂದು ರಾತ್ರಿ ಮಾಡಿನ ತಗಡುಗಳು ಮೊಳೆಗಳ ಸಮೇತ ಕಿತ್ತು ತೋಟಕ್ಕೆ ಹಾರಿದುವು. ತಮ್ಮನ ಹೆಂಡತಿ ಹಸುಗೂಸನ್ನು ಎದೆಗವಚಿಕೊಂಡು ಕತ್ತಲಲ್ಲಿ ಗುಡ್ಡವಿಳಿದಳು. ದೇವರ ದಯೆಯಿಂದ ಯಾರಿಗೂ ಗಾಯವಾಗಲಿಲ್ಲ. ತಮ್ಮ ನನಗೆ ಒಂದು ಮಾತೂ ಅನ್ನಲಿಲ್ಲ. ಅದೇ ನನ್ನನ್ನು ಹೆಚ್ಚಾಗಿ ಚುಚ್ಚಿತು.

ಮುಂಬಯಿಗೆ ಮರಳಿದ ಮೇಲೆ ಪರಿಚಯದ ಇಂಜಿನಿಯರರೊಬ್ಬರನ್ನು ಕಂಡೆನು. ಅವರು ಹೇಳಿದ್ದಿಷ್ಟು: ಹೊಳೆಯ ನೀರು ಇಕ್ಕಟ್ಟಿನಲ್ಲಿ ರಭಸವಾಗಿ ಹರಿಯುವಂತೆ, ಬಯಲಿನ ಗಾಳಿ ಗುಡ್ಡವನ್ನೇರುವಾಗ ಒತ್ತಟ್ಟಾಗಿ ನೆತ್ತಿಯ ಬಳಿ ವೇಗ ಪಡೆಯುವುದು. ಐ.ಎಸ್. 875ರ ಮೂರನೆಯ ಭಾಗವೆಂಬ ಭಾರತೀಯ ನಿಯಮಾವಳಿಯ ಪ್ರಕಾರ (2015ರ ಪರಿಷ್ಕರಣ), ಇಳಿಜಾರು 3 ಡಿಗ್ರಿಗಿಂತ ಹೆಚ್ಚಿದ್ದರೆ ಗಾಳಿಯ ವೇಗವನ್ನು 1ರಿಂದ 1.36ರವರೆಗಿನ ಅಂಕಿಯೊಂದರಿಂದ ಗುಣಿಸಬೇಕು.

ಮುಂಬಯಿಗೆ ಗೊತ್ತುಪಡಿಸಿದ ಮೂಲವೇಗ ಸೆಕೆಂಡಿಗೆ 44 ಮೀಟರು. ಬೇರೆ ಅಂಶಗಳನ್ನು ಬದಿಗಿರಿಸಿ ಲೆಕ್ಕ ಮಾಡೋಣ. ವೇಗದ ವರ್ಗವನ್ನು 0.6ರಿಂದ ಗುಣಿಸಿದರೆ ಚದರ ಮೀಟರಿಗೆ ಸುಮಾರು 1160 ನ್ಯೂಟನ್, ಅಂದರೆ 118 ಕಿಲೋ ತೂಕದಷ್ಟು ಒತ್ತಡ. ಕಡಿದಾದ ಗುಡ್ಡದ ನೆತ್ತಿಯಲ್ಲಿ ವೇಗ ಸುಮಾರು 60 ಮೀಟರಾದರೆ ಒತ್ತಡ 219 ಕಿಲೋ! ವೇಗ ಹೆಚ್ಚಿದ್ದು ನೂರಕ್ಕೆ 36. ಒತ್ತಡ ಹೆಚ್ಚಿದ್ದು ನೂರಕ್ಕೆ 85. ಈ ಒತ್ತಡದ ಎಷ್ಟು ಪಾಲು ಎಲ್ಲಿ ಬೀಳುವುದೆಂಬುದು ಕಟ್ಟಡದ ಆಕಾರವನ್ನು ಅವಲಂಬಿಸಿದೆ. ಗೋಡೆಯನ್ನು ನೂಕುವ ಗಾಳಿಯೇ ಮಾಡನ್ನು ಮೇಲಕ್ಕೆ ಹೀರುವುದು; ಅಂಚು ಮೂಲೆಗಳಲ್ಲಿ ಆ ಸೆಳೆತ ಅತ್ಯಧಿಕ. ಒಂದು ಚದರ ಮೀಟರು ತಗಡಿನ ತೂಕವಾದರೋ ಹತ್ತು ಕಿಲೋವನ್ನೂ ಮುಟ್ಟದು.

ತಮ್ಮ ಈಗ ನೆತ್ತಿಯಿಂದ ಕೆಳಗೆ ಮನೆ ಕಟ್ಟಿಕೊಂಡಿದ್ದಾನೆ. ಮೊಳೆಯ ಬದಲು ಕೊಕ್ಕೆಯ ಬೋಲ್ಟುಗಳಿವೆ; ಅಂಚಿನಲ್ಲಿ ಅವು ಒತ್ತೊತ್ತಾಗಿವೆ.

ಮಕ್ಕಳೇ, ಘಾಟಕೋಪರ, ವಿಕ್ರೋಳಿಯ ಗುಡ್ಡಗಳ ಮೇಲೆ ತಗಡಿನ ಮಾಡಿನ ಕೆಳಗೆ ವಾಸಿಸುವವರು ನಿಮ್ಮಲ್ಲಿಯೂ ಇರಬಹುದು. ಮೇಲಿಟ್ಟ ಕಲ್ಲನ್ನು ನಂಬಿ ಕೂರಬೇಡಿರಿ. ಮಳೆಗಾಲಕ್ಕೆ ಮುನ್ನ ಮಾಡಿನ ಬಿಗಿತವನ್ನು ನೋಡಿಸಿರೆಂದು ಮನೆಯ ಹಿರಿಯರಿಗೆ ಹೇಳಿರಿ.

ಅಪ್ಪಯ್ಯನಿಗೆ ವರ್ಗದ ಲೆಕ್ಕ ಬಾರದು, ಆದರೆ ಗಾಳಿಯ ಪರಿಚಯವಿತ್ತು. ನಾನು ವರ್ಷವರ್ಷವೂ ಹಲಗೆಯ ಮೇಲೆ ವರ್ಗದ ಲೆಕ್ಕ ಬರೆದವನು; ಬೇಕಾದ ದಿನ ಅದನ್ನು ಮಾಡಿ ನೋಡಲಿಲ್ಲ, ತಿಳಿದವರನ್ನು ಕೇಳಲೂ ಇಲ್ಲ.